ಪೂಜೆಗೆ ಹೋದ್ರಾ ಅಂತ ಅಮ್ಮ ಕೇಳ್ತಿದ್ರು

ಕುಂದಲಹಳ್ಳಿ ಗೇಟಿನ ಹತ್ತಿರ ನಾವು ಗಂಡ ಹೆಂಡತಿ ಬಾಡಿಗೆ ಮನೆ ಹಿಡಿದಾಗ ಊರಿಂದ ತಂದದ್ದು ಎರಡು ಟ್ರಂಕು, ಒಂದು ಮಾತೆ ಮರಿಯಮ್ಮನ ಫೋಟೊ. ನಮ್ಮದು ಕನಕಪುರ ಕಡೆಯ ಕ್ರೈಸ್ತರ ಹಳ್ಳಿ. ಹಾರೋಬೆಲೆಯಲ್ಲಿ ಆಡುವ ಯೇಸುವಿನ ನಾಟಕ ನೋಡುತ್ತಾ ಬೆಳೆದವರು. ಭಕ್ತಿ ಅನ್ನೋದು ನಮಗೆ ಊರಿನ ಗಾಳಿ ಇದ್ದಂತೆ, ಅದರ ಬಗ್ಗೆ ಯೋಚಿಸಿದ್ದೇ ಇಲ್ಲ.

2011ರಲ್ಲಿ ನಮ್ಮ ಮಗಳು ತೀರಿಕೊಂಡಳು. ಎಂಟು ತಿಂಗಳ ಕೂಸು. ಸ್ವಾಮಿಗಳು ಬಂದು ಮಣ್ಣು ಮಾಡಿಸಿ ಹೋದರು. ಆಮೇಲೆ ಯಾರೂ ನಮ್ಮ ಬಾಗಿಲು ತಟ್ಟಲಿಲ್ಲ. ನಾವೂ ಚರ್ಚಿನ ಬಾಗಿಲಿಗೆ ಹೋಗಲಿಲ್ಲ. ಪ್ರತಿ ಭಾನುವಾರ ಅಮ್ಮ ಫೋನು ಮಾಡಿ "ಪೂಜೆಗೆ ಹೋದ್ರಾ?" ಅಂತ ಕೇಳ್ತಿದ್ರು. "ಹೋದ್ವಮ್ಮ" ಅಂತಿದ್ವಿ. ಸುಳ್ಳು.

ಎರಡು ವರ್ಷದ ಮೇಲೆ ದುಬೈ ಸೇರಿದೆವು. ನಮ್ಮಲ್ಲಿ ಒಬ್ಬರು ನರ್ಸು, ಒಬ್ಬರು ಏಸಿ ಮೆಕ್ಯಾನಿಕ್. ಅಲ್ಲಿ ಆಗ ವಾರದ ರಜೆ ಶುಕ್ರವಾರ, ಹಾಗಾಗಿ ಚರ್ಚಿಗೆ ಜನ ಸೇರುವುದೂ ಅವತ್ತೇ. ಊದ್ ಮೆಥಾದ ಸೇಂಟ್ ಮೇರಿಸ್ ಚರ್ಚಿಗೆ ನಾವು ಹೋದದ್ದು ಭಕ್ತಿಯಿಂದಲ್ಲ. ಮಂಗಳೂರಿನವರು ಸಿಗ್ತಾರೆ, ಎರಡು ಮಾತು ಕನ್ನಡದಲ್ಲಿ ಆಡಬಹುದು ಅಂತ. ಅದು ದೊರೆ ಶೇಖ್ ರಶೀದ್ ಕೊಟ್ಟ ಜಾಗದಲ್ಲಿ 1967ರಲ್ಲಿ ಶುರುವಾದ ಚರ್ಚು. ಮುಸ್ಲಿಂ ದೊರೆ ಕ್ರೈಸ್ತರಿಗೆ ಜಾಗ ಕೊಟ್ಟ ಅಂದರೆ ಊರಲ್ಲಿ ಈಗಲೂ ಕೆಲವರು ನಂಬುವುದಿಲ್ಲ.

ಅಲ್ಲಿ ಪರಿಚಯವಾದ ಮಂಗಳೂರಿನ ಡ್ರೈವರ್ ಅಣ್ಣ ಒಂದು ಸಂಜೆ ಮನೆಗೇ ಬಂದರು. ಹತ್ತು ಹನ್ನೆರಡು ಮಂದಿಯ ಗುಂಪು, ಯಾರೂ ಫಾದರ್ ಅಲ್ಲ, ಸಿಸ್ಟರ್ ಅಲ್ಲ. ಒಬ್ಬರ ಮನೆಯಲ್ಲಿ ಜಪಸರ, ಚಹಾ, ಆಮೇಲೆ ಇಬ್ಬಿಬ್ಬರಾಗಿ ಆಸ್ಪತ್ರೆಗೆ. ಈ ಪದ್ಧತಿ ಹೊಸದಲ್ಲ. 1833ರಲ್ಲಿ ಪ್ಯಾರಿಸ್ಸಿನ ಫ್ರೆಡರಿಕ್ ಓಜಾನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಬಡವರ ಮನೆಗಳಿಗೆ ಹೋಗಲು ಶುರುಮಾಡಿದ. ಅದೇ ಮುಂದೆ ಸಂತ ವಿನ್ಸೆಂಟ್ ದೆ ಪೌಲ್ ಸಂಘವಾಯಿತು. ಸೇವೆ ಸ್ವಾಮಿಗಳ ಕೆಲಸ ಮಾತ್ರವಲ್ಲ, ಜ್ಞಾನಸ್ನಾನ ಪಡೆದ ಎಲ್ಲರ ಕೆಲಸ ಅಂತ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದೆ. ನಮಗೆ ಇದನ್ನು ಹೇಳಿದವರು ಆ ಡ್ರೈವರ್ ಅಣ್ಣ, ಅದೂ ಕಾರು ಓಡಿಸುತ್ತಾ.

ಅಲ್ಲಿ ಅನುಮತಿ ಇಲ್ಲದೆ ಚಂದಾ ಎತ್ತುವಂತಿಲ್ಲ. ಹಾಗಾಗಿ ಕೊಡಲು ನಮ್ಮ ಹತ್ತಿರ ಇದ್ದದ್ದು ಸಮಯ, ಮತ್ತೆ ಕನ್ನಡ.

2016ರಲ್ಲಿ ಒಬ್ಬ ಗಾರೆ ಕೆಲಸದವನು ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಯಾದಗಿರಿ ಕಡೆಯವನು. ಕನ್ನಡ ಬಿಟ್ಟರೆ ಬೇರೆ ಬಾರದು. ಆಪರೇಷನ್ ಅಂದರೆ ಕಾಲು ಕಡಿಯುತ್ತಾರೆ ಅಂದುಕೊಂಡು ಮೂರು ದಿನದಿಂದ ಅಳುತ್ತಿದ್ದ. ಡಾಕ್ಟರ ಮಾತನ್ನು ಬಿಡಿಸಿ ಹೇಳಿದೆವು, ಹೆಂಡತಿಗೆ ಫೋನು ಹಚ್ಚಿಕೊಟ್ಟೆವು. ಹೊರಡುವಾಗ ಕೈ ಹಿಡಿದುಕೊಂಡ. "ನಿಮ್ ದ್ಯಾವ್ರಿಗೆ ನನ್ ಸಲುವಾಗಿ ಒಂದ್ ಮಾತ್ ಹೇಳ್ರಿ" ಅಂದ.

ಐದು ವರ್ಷದಿಂದ ನಾವು ಬಾಯಿಬಿಟ್ಟು ಪ್ರಾರ್ಥಿಸಿರಲಿಲ್ಲ. ಗುಂಪಿನಲ್ಲಿ ಜಪಸರ ನಡೆಯುವಾಗಲೂ ಮಣಿ ಸರಿಸುತ್ತಿದ್ದೆವು, ಅಷ್ಟೇ. ಅವತ್ತು ಯೇಸು ಕಲಿಸಿದ ಪ್ರಾರ್ಥನೆ ಶುರುಮಾಡಿದೆವು. ದೇವರ ಚಿತ್ತದ ಮಾತು ಬರುವ ಕಡೆ ಇಬ್ಬರ ನಾಲಿಗೆಯೂ ನಿಂತುಹೋಯಿತು. ನಮ್ಮ ಕೂಸನ್ನು ಮಣ್ಣು ಮಾಡುವಾಗ ಹೇಳಿದ್ದೂ ಅದೇ ಮಾತು. ಅವನು ನಮ್ಮ ಮುಖ ನೋಡಿ "ಇರ್ಲಿ ಬಿಡ್ರಿ, ಇಷ್ಟಾದ್ರೂ ಸಾಕು" ಅಂದ. ಸಮಾಧಾನ ಮಾಡಲು ಹೋದವರು ನಾವು!

ಮುಂದಿನ ಶುಕ್ರವಾರ ಪಾಪನಿವೇದನೆಗೆ ಹೋದೆವು. ಅಮ್ಮನಿಗೆ ಫೋನು ಮಾಡಿ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆವು. "ಗೊತ್ತಿತ್ತು ಬಿಡ್ರಪ್ಪ" ಅಂದರು. ಮಗಳು ಯಾಕೆ ಹೋದಳು ಅನ್ನೋದಕ್ಕೆ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಆ ಪ್ರಶ್ನೆ ಇಟ್ಟುಕೊಂಡೇ ಪೂಜೆಗೆ ಹೋಗುತ್ತೇವೆ.

2019ರಲ್ಲಿ ವಾಪಸು ಕುಂದಲಹಳ್ಳಿಗೆ ಬಂದೆವು. ಮನೆಯಿಂದ ಐದು ನಿಮಿಷ ನಡೆದರೆ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡುಗಳು, ಮೇಲೆ ನೀಲಿ ಟಾರ್ಪಾಲು. ಯಾದಗಿರಿ, ರಾಯಚೂರು ಕಡೆಯ ಕೂಲಿ ಜನ. ನಾವು ದುಬೈಗೆ ಹೋಗುವ ಮುಂಚೆಯೂ ಅಲ್ಲಿ ಶೆಡ್ಡುಗಳಿದ್ದವು. ದಿನಾ ಅದೇ ದಾರಿಯಲ್ಲಿ ಬಸ್ಸಿಗೆ ಹೋಗುತ್ತಿದ್ದೆವು, ಒಮ್ಮೆಯೂ ನಿಂತಿರಲಿಲ್ಲ.

ಮೊದಲ ಭಾನುವಾರ ಹೋದಾಗ ಒಬ್ಬ ಹಿರಿಯರು ನೇರವಾಗಿ ಕೇಳಿದರು: "ಜಾತಿ ಕೆಡ್ಸಾಕ ಬಂದೀರೇನು?" ಕೋಪ ಬಂತು, ಸುಳ್ಳಲ್ಲ. ಆದರೆ ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಅವರ ಹತ್ತಿರ ಬಂದವರೆಲ್ಲ ಏನೋ ಒಂದು ಬೇಕು ಅಂತಲೇ ಬಂದವರು. "ಇಲ್ಲ ಯಜಮಾನರೇ, ಫಾರಂ ತುಂಬೋದು, ಆಸ್ಪತ್ರೆಗೆ ಜೊತೆ ಬರೋದು, ಇಷ್ಟೇ ನಮ್ಮ ಕೈಲಾಗೋದು" ಅಂದೆವು. ಎರಡು ತಿಂಗಳು ಯಾರೂ ಏನೂ ಕೇಳಲಿಲ್ಲ. ಸುಮ್ಮನೆ ಹೋಗಿ ಕೂತು ಬರುತ್ತಿದ್ದೆವು. ಆಮೇಲೆ ಒಂದು ಮಗುವಿಗೆ ಜ್ವರ ಬಂತು, ರಾತ್ರಿ ಹನ್ನೊಂದಕ್ಕೆ ಆ ಯಜಮಾನರೇ ನಮ್ಮ ಬಾಗಿಲು ತಟ್ಟಿದರು.

2023ರಲ್ಲಿ ಮೆಟ್ರೊ ಬಂತು. ಆ ಸೈಟಿನಲ್ಲಿ ಈಗ ಕಟ್ಟಡ ಏಳುತ್ತಿದೆ, ಶೆಡ್ಡುಗಳು ಇನ್ನೂ ಒಳಕ್ಕೆ ಹೋಗಿವೆ. ನಮ್ಮ ಮಗಳು ಇದ್ದಿದ್ದರೆ ಅವಳ ವಯಸ್ಸಿನ ಒಬ್ಬ ಹುಡುಗಿ ಅಲ್ಲಿದ್ದಾಳೆ. ಊರಿನ ಶಾಲೆಯಿಂದ ಟೀಸಿ ಬಂದಿಲ್ಲ ಅಂತ ಅವಳನ್ನು ಇಲ್ಲಿ ಶಾಲೆಗೆ ಸೇರಿಸಿಕೊಂಡಿಲ್ಲ. ಈ ಭಾನುವಾರ ಪೂಜೆ ಮುಗಿಸಿ, ಅವಳ ಅಮ್ಮನ ಜೊತೆ ಕೂತು ಅರ್ಜಿ ಬರೆಯಬೇಕು.