ಚರಗ ಚೆಲ್ಲಾಕ ಹೋಗೂಣ ಬರ್ರಿ

ಸುಗ್ಗಿಯ ಹಬ್ಬ ಯಾವುದೆಂದರೆ ಊರೆಲ್ಲ ಸಂಕ್ರಾಂತಿಯ ಹೆಸರು ಹೇಳುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಎರಿ ಹೊಲದ ರೈತ ಮಾತ್ರ ಎಳ್ಳಮವಾಸಿ ಅನ್ನುತ್ತಾನೆ. ಆಗಿನ್ನೂ ಕಣ ಹೂಡಿರುವುದಿಲ್ಲ, ರಾಶಿಯ ಮಾತಂತೂ ದೂರ. ಹಿಂಗಾರಿ ಬಿಳಿಜೋಳ ಹೊಡೆ ಬಿಚ್ಚಿ ತೆನೆ ಹಿರಿಯುವ ಹೊತ್ತದು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಕಾಳು ಕೈಗೆ ಬರುವ ಮೊದಲೇ ಹೊಲಕ್ಕೆ ಉಣಿಸುವ ಹಬ್ಬ ಇದು. ಇದರ ದೊಡ್ಡತನ ಇರುವುದೇ ಅಲ್ಲಿ.

ಬಯಕೆಯ ಊಟವೆಂದ ಮೇಲೆ ಅಡಿಗೆ ಕಡಿಮೆ ಇದ್ದೀತೇ? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹಿಂದಿನ ದಿನವೇ ಬಡಿದು ಒಣಗಿರುತ್ತವೆ. ಬೆಳಗಿನ ಜಾವಕ್ಕೆ ಒಲಿ ಹೊತ್ತಿಸಿ ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಲೆ, ಮಡಿಕೆಕಾಳು, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು. ಕರಿಂಡಿಯನ್ನು ನಾಲ್ಕು ದಿನ ಮೊದಲೇ ಹುಳಿಗೆ ಹಾಕಿಟ್ಟಿರಬೇಕು, ಅದಿಲ್ಲದೆ ರೊಟ್ಟಿ ಗಂಟಲಿಗಿಳಿಯದು. ಮನೆಯಲ್ಲಿ ಉಂಡರೆ ಈ ರುಚಿ ಸಿಗುವುದಿಲ್ಲ. ಬುತ್ತಿ ಬಿಚ್ಚಬೇಕಾದದ್ದು ಬದುವಿನ ಮೇಲೆ, ಬನ್ನಿಗಿಡದ ನೆರಳಿನಲ್ಲಿ.

ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು ಸುಣ್ಣ ಹಚ್ಚಿದರೆ ಪಾಂಡವರಾದರು. ಅವರಿಗೆ ಎಡೆ ಹಿಡಿದ ಮೇಲೆ ಕಡಬು, ರೊಟ್ಟಿ, ಪಲ್ಲೆ, ಅನ್ನ ಎಲ್ಲ ಕಲಸಿದ ಚರಗದ ಬುಟ್ಟಿ ಮೇಲೇಳುತ್ತದೆ. ಮುಂದೆ ಒಬ್ಬ ಚೆಲ್ಲುತ್ತ ಹೋದರೆ, ಹಿಂದೆ ಇನ್ನೊಬ್ಬ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುತ್ತಾನೆ. ಒಬ್ಬರ ಕೂಗಿಗೆ ಮತ್ತೊಬ್ಬರ ಮಾರುಕೂಗು. ನಾಲ್ಕೂ ಮೂಲೆ ಮುಟ್ಟಬೇಕು, ಬೆಳೆ ಬಡವಾದ ಮೂಲೆಗೆ ಒಂದು ಹಿಡಿ ಹೆಚ್ಚು. ಇರುವೆ, ಗುಬ್ಬಿ, ಇಲಿ ಎಲ್ಲಕ್ಕೂ ಪಾಲುಂಟು. ಆಮೇಲೆ ಪಂಕ್ತಿ, ದಾರಿಹೋಕರನ್ನೂ ಕೂಗಿ ಕರೆದು ಕೂರಿಸುವ ಪಂಕ್ತಿ.

ಈಗ ಈ ಸೀಮೆ ಜೋಳದ ಸೀಮೆಯಾಗಿ ಎಷ್ಟು ಉಳಿದಿದೆ? ಕೃಷ್ಣೆ, ಘಟಪ್ರಭೆಯ ನೀರು ಹೊಲಕ್ಕೆ ಹತ್ತಿ ಕಬ್ಬು ಬಂತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದರು. ಆ ನೀರಿನಿಂದ ಮನೆಗಳು ಎದ್ದವು, ಮಕ್ಕಳು ಓದಿದರು. ಅದನ್ನು ಹಳಿಯುವುದು ತಪ್ಪು. ಬೀಳಗಿ ಕಡೆಯದು ಬೇರೆ ಕಥೆ: ಆಲಮಟ್ಟಿಯ ಹಿನ್ನೀರಿಗೆ ಹೊಲವನ್ನೇ ಬಿಟ್ಟುಕೊಟ್ಟ ಮನೆತನಗಳು ಎಷ್ಟೋ. ಅವರ ಪಾಂಡವರೂ ನೀರಿನೊಳಗೇ ಉಳಿದರು.

ಎಳ್ಳಮವಾಸಿಯ ಹೊತ್ತಿಗೆ ಕಾರ್ಖಾನೆಗಳು ನುರಿಸುವ ಭರದಲ್ಲಿರುತ್ತವೆ, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಕಬ್ಬಿನ ಪಡದಲ್ಲೂ ಚರಗ ಚೆಲ್ಲುತ್ತಾರೆ, ಬಿಟ್ಟಿಲ್ಲ. ಆದರೆ ಆಳೆತ್ತರದ ಕಬ್ಬಿನೊಳಗೆ ನಾಲ್ಕು ಮೂಲೆ ಸುತ್ತುವುದು ಹೇಗೆ? ಬದುವಿನಿಂದಲೇ ಎರಚಿ ಬರುತ್ತಾರೆ. ರಬಕವಿ-ಬನಹಟ್ಟಿಯಲ್ಲಿ ಹೊಲವಿಲ್ಲದ ನೇಕಾರರೂ ಗೆಳೆಯರ, ಬೀಗರ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹಬ್ಬಕ್ಕೆ ಉತಾರಿ ಬೇಕಿಲ್ಲ.

ಕಬ್ಬಿನ ರೈತಬಂಧುಗಳಲ್ಲಿ ನನ್ನದೊಂದೇ ಕೋರಿಕೆ. ಎಲ್ಲ ಹೊಲಕ್ಕೂ ಕಬ್ಬು ಹಚ್ಚಬೇಡಿರಿ. ಮನೆಯ ರೊಟ್ಟಿಗೆ, ದನದ ಕಣಿಕೆಗೆ, ಗುಬ್ಬಿಯ ಪಾಲಿಗೆ ಅರ್ಧ ಎಕರೆಯಾದರೂ ಬಿಳಿಜೋಳ ಬಿತ್ತಿರಿ. ಮಕ್ಕಳ ಕೈಗೆ ಚರಗದ ಬುಟ್ಟಿ ಕೊಟ್ಟು ನಾಲ್ಕೂ ಮೂಲೆ ತಿರುಗಿಸಿರಿ.