ಟಿಕ್ ಅಂದು ಸುಮ್ಮನಾದ ಗಾಡಿ

ಧಾರವಾಡದ ನಮ್ಮ ಮನೆಯ ಮುಂದೆ ಅವ್ವನ ಕೈನೆಟಿಕ್ ಹೋಂಡಾ ನಿಂತಿರುತ್ತದೆ. ಅವ್ವ ಅದನ್ನು 1996ರಲ್ಲಿ, ನಾನು ಹುಟ್ಟುವ ಎರಡು ವರ್ಷ ಮೊದಲು ಕೊಂಡಿದ್ದು. ಚಿಕ್ಕಂದಿನ ಪೋಲಿಯೊದಿಂದ ಅವಳ ಒಂದು ಕಾಲಿಗೆ ಶಕ್ತಿಯಿಲ್ಲ. ಆಗಿನ ಬಹಳಷ್ಟು ಸ್ಕೂಟರುಗಳಿಗೆ ಕಿಕ್ ಹೊಡೆಯಬೇಕಿತ್ತು, ಕೈಯಲ್ಲಿ ಗೇರು ತಿರುವಬೇಕಿತ್ತು. ಕೈನೆಟಿಕ್ ಮತ್ತು ಹೋಂಡಾ ಕಂಪನಿಗಳು ಕೂಡಿ 1984ರಲ್ಲಿ ತಂದ ಈ 98 ಸಿಸಿ ಗಾಡಿಗೆ ಗೇರಿನ ಗೊಡವೆ ಇರಲಿಲ್ಲ. ಕಿಕ್ ಇದ್ದರೂ ಅದು ಬೇಕಿರಲಿಲ್ಲ. ಹೆಬ್ಬೆರಳಿನಿಂದ ಒಂದು ಬಟನ್ ಒತ್ತಿದರೆ ಸಾಕು. ಹಾಗೆ ಒತ್ತಿಯೇ ಅವ್ವ ಇಪ್ಪತ್ತೆಂಟು ವರ್ಷ ಸಾಲಿಗೆ ಹೋಗಿ ಮಕ್ಕಳಿಗೆ ಕನ್ನಡ ಕಲಿಸಿದಳು.

ಎಲೆಕ್ಟ್ರಿಕ್ ಸ್ಟಾರ್ಟರಿನ ಕಥೆ ಮೊದಲಿನಿಂದಲೂ ಹೀಗೇ ಇದೆ. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬರುವ ತನಕ, ಮುಂದೆ ನಿಂತು ಹ್ಯಾಂಡಲ್ ತಿರುವಬೇಕಿತ್ತು. ಇಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಸ್ಟಾರ್ಟರ್ ಬಂದ ಮೇಲೆ, ತೋಳಿನಲ್ಲಿ ಅಷ್ಟು ಬಲವಿಲ್ಲದವರೂ ಯಾರನ್ನೂ ಕರೆಯದೆ ಮನೆಯಿಂದ ಹೊರಡುವಂತಾಯಿತು.

ಹೋದ ಮಳೆಗಾಲದಲ್ಲಿ ಅವ್ವ ಗಾಡಿಗೆ ಕವರ್ ಹೊದಿಸಿಟ್ಟಳು. ನಿವೃತ್ತಿಯಾಗಿ ಆಗಷ್ಟೇ ಕೆಲ ತಿಂಗಳಾಗಿತ್ತು. "ಇನ್ನೇನು, ಸಾಕಾತು" ಅಂದಳು. ನಾನು ನಂಬಿದೆ. ಕಿತ್ತೂರು ಸೀಮೆಯ ಲಾವಣಿಗಳ ಮೇಲೆ ನನ್ನ ಸಂಶೋಧನೆ. ಊರೂರು ತಿರುಗಿ ಕಂಡವರ ಅಜ್ಜಿಯರನ್ನು ಕೂರಿಸಿ ಪ್ರಶ್ನೆ ಕೇಳುವವಳು. ಸಂಜೆ ಕರ್ನಾಟಕ ವಿಶ್ವವಿದ್ಯಾಲಯದಿಂದ ಮನೆಗೆ ಬಂದರೆ ಅವ್ವ ಟಿವಿ ಮುಂದೆ ಕೂತಿರುತ್ತಿದ್ದಳು. "ಅವ್ವಗ ವಯಸ್ಸಾತು" ಎಂದು ನಾನೇ ಎಲ್ಲರಿಗೂ ಹೇಳಿದೆ.

ಈ ಜನವರಿಯಲ್ಲಿ ಮಾವ ಗಾಡಿಯನ್ನು ಗುಜರಿಗೆ ಹಾಕೋಣ ಅಂದಾಗ ನನಗೆ ಹಟ ಬಂತು. ಕವರ್ ತೆಗೆದೆ. ಹೊಸ ಬ್ಯಾಟರಿ ಹಾಕಿ ಬಟನ್ ಒತ್ತಿದೆ. ಟಿಕ್ ಅಂದು ಸುಮ್ಮನಾಯಿತು.

ಆ ಟಿಕ್‌ಗೆ ಅರ್ಥವಿದೆ ಎಂದು ಆಮೇಲೆ ತಿಳಿಯಿತು. ಬಟನ್ ಒತ್ತಿದಾಗ ಏನೂ ಸದ್ದಿಲ್ಲದಿದ್ದರೆ ಫ್ಯೂಸ್, ಬಟನ್, ಬ್ರೇಕಿನ ಸ್ವಿಚ್ ನೋಡಬೇಕು. ಮೋಟಾರ್ ಗರ್ರೆಂದರೂ ಇಂಜಿನ್ ತಿರುಗದಿದ್ದರೆ ಹಲ್ಲು ಕಚ್ಚುತ್ತಿಲ್ಲ ಎಂದರ್ಥ. ಬರೀ ಟಿಕ್ ಅಂದರೆ ರಿಲೇ ತನ್ನ ಕೆಲಸ ಮಾಡಿದೆ, ಮುಂದಿನ ದಪ್ಪ ತಂತಿಯ ದಾರಿಯಲ್ಲೇ ಎಲ್ಲೋ ತಡೆ ಇದೆ.

ರಿಲೇ ಕೆಟ್ಟಿರಬಹುದೇ ಎಂದು ಅದರ ಎರಡು ದಪ್ಪ ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದೆ. ಸಣ್ಣ ಕಿಡಿ ಹಾರಿತು, ಅಷ್ಟೇ. ಬ್ಯಾಟರಿ 12.6 ವೋಲ್ಟ್ ಇತ್ತು, ಬಟನ್ ಒತ್ತಿದರೂ ಇಳಿಯಲಿಲ್ಲ. ಬ್ಯಾಟರಿ ಗಟ್ಟಿ, ರಿಲೇ ಸರಿ, ಅಂದಮೇಲೆ ಮೋಟಾರೇ ಸತ್ತಿದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ ಅವರೂ ಹಾಗೇ ಹೇಳಿದರು. "ಇದರ ಸಾಮಾನು ಈಗೆಲ್ಲಿ ಸಿಗತಾವ್ರಿ?"

ಕೊನೆಗೆ ಟೋಲ್‌ನಾಕಾ ಕಡೆಯ ಒಬ್ಬ ಹಳೆಯ ಮಿಸ್ತ್ರಿ ಕಾಕಾನ ಹತ್ತಿರ ಒಯ್ದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಕಾಕಾ ಹಿಡಿದದ್ದು ಒಂದೇ ಮಾತು: "ಒತ್ತಿದ್ರೂ ವೋಲ್ಟೇಜ್ ಇಳಿಲಿಲ್ಲಾ?" ನಾನು ಒಳ್ಳೆಯ ಲಕ್ಷಣ ಅಂದುಕೊಂಡದ್ದೇ ರೋಗದ ಲಕ್ಷಣವಾಗಿತ್ತು. ಮೋಟಾರಿಗೆ ಕರೆಂಟ್ ನಿಜವಾಗಿ ಹರಿದರೆ ಬ್ಯಾಟರಿ ಸ್ವಲ್ಪವಾದರೂ ಕುಗ್ಗಲೇಬೇಕು. ಕುಗ್ಗಲಿಲ್ಲವೆಂದರೆ ಕರೆಂಟ್ ಹರಿದೇ ಇಲ್ಲ.

ಕಾಕಾ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮೋಟಾರಿನ ಮೈಗೆ ಹಿಡಿದು, "ಒತ್ತು" ಅಂದ. ಅವೆರಡರ ನಡುವೆ ಅರ್ಧ ವೋಲ್ಟಿನಷ್ಟೂ ವ್ಯತ್ಯಾಸ ಇರಬಾರದು. ಮೀಟರು ಬಹುತೇಕ ಬ್ಯಾಟರಿಯ ಪೂರ್ತಿ ವೋಲ್ಟೇಜನ್ನೇ ತೋರಿಸಿತು.

"ಮೋಟಾರ್ ಸತ್ತಿಲ್ಲ ಯವ್ವಾ. ಕರೆಂಟಿಗೆ ಹೋಗಾಕ ದಾರಿ ಐತಿ, ವಾಪಸ್ ಬರಾಕ ಇಲ್ಲ."

ನೆಗೆಟಿವ್‌ನಿಂದ ಮೋಟಾರಿನ ಮೈಗೆ ಒಂದು ದಪ್ಪ ತಂತಿ ತಾಗಿಸಿ ಮತ್ತೆ ಒತ್ತಿಸಿದ. ಮೋಟಾರ್ ಗಿರ್ರನೆ ತಿರುಗಿತು. ಅರ್ಥಿಂಗ್ ತಂತಿಯ ಬೋಲ್ಟಿನ ಕೆಳಗೆ ಮೂವತ್ತು ಮಳೆಗಾಲಗಳ ತುಕ್ಕು ಕೂತಿತ್ತು. ಸ್ಯಾಂಡ್ ಪೇಪರಿನಿಂದ ಉಜ್ಜಿ, ತಂತಿಗೆ ಹೊಸ ತುದಿ ಹಾಕಿ, ಬಿಗಿದು ವ್ಯಾಸಲಿನ್ ಸವರಿದ. ಇನ್ನೂರು ರೂಪಾಯಿ ತೆಗೆದುಕೊಂಡ.

ಮನೆಯಲ್ಲಿ ಅವ್ವ ಬಟನ್ ಒತ್ತಿ ನೋಡಿದಳು. ಬಂದ್ ಮಾಡಿ ಮತ್ತೆ ಒತ್ತಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದಳು. ಸ್ಟಾರ್ಟರ್ ಕೆಟ್ಟ ಮೇಲೆ ಎರಡು ವಾರ ಪಕ್ಕದ ಮನೆ ಹುಡುಗ ಕಿಕ್ ಹೊಡೆದು ಕೊಡುತ್ತಿದ್ದನಂತೆ. ಒಂದು ದಿನ ಸುಭಾಸ್ ರೋಡಿನಲ್ಲಿ ಗಾಡಿ ಬಂದ್ ಬಿತ್ತು. ಮಳೆಯಲ್ಲಿ ನಿಂತು ಹೋಗಿ ಬರುವವರನ್ನು ಕೇಳಿದಳು. ಮೂರನೆಯವರು ನಿಂತರು. ಅದೇ ಕೊನೆ.

"ನನಗ್ಯಾಕ ಹೇಳಲಿಲ್ಲ?"

"ನೀ ಎಲ್ಲೆ ಕೇಳಿದಿ? ವಯಸ್ಸಾತು ಅಂತ ನೀನಽ ಹೇಳಿಕೋಂತ ಅಡ್ಡಾಡಿದಿ."

ನನಗೆ ಮಾತು ಬರಲಿಲ್ಲ. ಸಂಜೆ ಐದರ ಹೊತ್ತಿಗೆ ಅವ್ವ ಸೀರೆ ಬದಲಿಸಿ, ಕೈಚೀಲ ಹಿಡಿದು ಹೊರಟಳು. ಎಲ್ಲಿಗೆ ಅಂದೆ. "ಇಲ್ಲೇ" ಅಂದಳು. ಮರಳಿದಾಗ ಎಂಟು ದಾಟಿತ್ತು. ಎಲ್ಲೆಲ್ಲಿ ಹೋಗಿದ್ದೆ ಎಂದು ಹೇಳಲಿಲ್ಲ. ಚೀಲದಲ್ಲಿ ಮೆಂತ್ಯೆ ಸೊಪ್ಪು, ಒಂದು ಪೇಢೆಯ ಪೊಟ್ಟಣ ಇತ್ತು.