ಮಾವ ನೋಡಿದ ನವರೋನ್

‘ದ ಗನ್ಸ್ ಆಫ್ ನವರೋನ್’ ನೋಡಿದವರೆಲ್ಲ ಕೊನೆಯ ಸ್ಫೋಟವನ್ನು ನೆನೆಯುತ್ತಾರೆ. ಆ ಚಿತ್ರಕ್ಕೆ ಸಿಕ್ಕ ಒಂದೇ ಒಂದು ಆಸ್ಕರ್ ಕೂಡ ಸ್ಪೆಷಲ್ ಎಫೆಕ್ಟ್ಸ್‌ಗೆ. ನಮ್ಮ ಸೋದರಮಾವನಿಗೆ ಮಾತ್ರ ಆ ಸದ್ದಿನ ಮೇಲೆ ಅಂಥ ಆಸೆಯಿರಲಿಲ್ಲ. ಹಲಸೂರು ಕೆರೆಯ ಮಗ್ಗುಲಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಾಗಿ, ಹವಾಲ್ದಾರರಾಗಿ ನಿವೃತ್ತರಾದವರು ಅವರು. ಸೇತುವೆ ಕಟ್ಟುವುದು, ಕಟ್ಟಿದ್ದನ್ನು ಉರುಳಿಸುವುದು, ಮೈನು ಹೂಳುವುದು, ಹೂತದ್ದನ್ನು ತೆಗೆಯುವುದು ಅವರ ಕಸುಬಾಗಿತ್ತು. ಅವರು ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದು ಮೇಜರ್ ಫ್ರಾಂಕ್ಲಿನ್ ಬಂಡೆಯಿಂದ ಜಾರಿ ಕಾಲು ಮುರಿದುಕೊಳ್ಳುವ ಜಾಗಕ್ಕೆ.

1961ರ ಚಿತ್ರ ಅದು. ಅಲಿಸ್ಟೇರ್ ಮೆಕ್ಲೀನ್ ಬರೆದ ಕಾದಂಬರಿಗೆ ಕಾರ್ಲ್ ಫೋರ್‌ಮನ್ ಚಿತ್ರಕಥೆ ಮಾಡಿದ್ದರು, ಜೆ. ಲೀ ಥಾಂಪ್ಸನ್ ನಿರ್ದೇಶಿಸಿದ್ದರು. ಏಜಿಯನ್ ಸಮುದ್ರದ ಒಂದು ದ್ವೀಪದಲ್ಲಿ ಎರಡು ಸಾವಿರ ಬ್ರಿಟಿಷ್ ಸೈನಿಕರು ಸಿಕ್ಕಿಬಿದ್ದಿದ್ದಾರೆ. ಅವರನ್ನು ಕರೆತರಲು ಹೊರಟ ಹಡಗುಗಳನ್ನು ಪಕ್ಕದ ನವರೋನ್ ದ್ವೀಪದ ಗುಹೆಯೊಳಗಿನ ಜರ್ಮನ್ ಫಿರಂಗಿಗಳು ಮುಳುಗಿಸದೆ ಬಿಡುವುದಿಲ್ಲ. ಕಾವಲೇ ಬೇಡ ಎಂದು ಜರ್ಮನರು ನಂಬಿದ್ದ ಕಡಿದಾದ ಬಂಡೆಯನ್ನು ಬಿರುಗಾಳಿಯ ರಾತ್ರಿ ಹತ್ತಿ, ಶತ್ರುವಿನ ನೆಲದಲ್ಲಿ ನುಸುಳಿಹೋಗಿ ಅವನ್ನು ಸಿಡಿಸಬೇಕು. ಗ್ರೆಗರಿ ಪೆಕ್, ಆಂಥನಿ ಕ್ವಿನ್, ಡೇವಿಡ್ ನಿವೆನ್. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಾವ ನನ್ನನ್ನು ದಂಡಿನ ಕಡೆಯ ಥಿಯೇಟರುಗಳಿಗೆ ಕರೆದೊಯ್ಯುತ್ತಿದ್ದರು. ಮರುಬಿಡುಗಡೆಯಾದ ಈ ಚಿತ್ರವನ್ನು ಮೊದಲು ನೋಡಿದ್ದು ಹಾಗೆ. ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಮಾವ ಕಿವಿಯಲ್ಲಿ ಹೇಳುತ್ತಿದ್ದರು.

ನಿವೆನ್ ಮಾಡಿದ ಮಿಲ್ಲರ್ ಸಿಡಿಮದ್ದಿನ ಪಂಡಿತ. ಸುಲಭವಾಗಿ ಸಿಗುವ ಕಡೆ ಒಂದಷ್ಟು ಮದ್ದಿಟ್ಟು, ನಿಜವಾದದ್ದನ್ನು ಗುಂಡು ಮೇಲೆತ್ತುವ ಲಿಫ್ಟಿನ ದಾರಿಯಲ್ಲಿ ಅಡಗಿಸುತ್ತಾನೆ. ಲಿಫ್ಟ್ ಸಾಕಷ್ಟು ಕೆಳಗಿಳಿದರೆ ಮಾತ್ರ ತಂತಿ ತಂತಿಗೆ ತಾಗಬೇಕು. “ನೋಡು ಮರಿ, ಸಿಗೋದು ಸಿಕ್ಕಿಬಿಟ್ರೆ ಮನುಷ್ಯ ಹುಡುಕೋದು ನಿಲ್ಲಿಸ್ತಾನೆ. ಇದು ಬುದ್ಧಿವಂತನ ಕೆಲಸ ಕಣೋ” ಎಂದು ಮಾವ ನನ್ನ ತೊಡೆ ತಟ್ಟುತ್ತಿದ್ದರು. ಲಿಫ್ಟ್ ಇಳಿದು, ಇನ್ನೇನು ತಾಗಬೇಕು ಎನ್ನುವಲ್ಲಿ ಮತ್ತೆ ಮೇಲೇರುತ್ತದೆ. ಇಡೀ ಥಿಯೇಟರು ‘ಅಯ್ಯೋ’ ಎನ್ನುತ್ತಿತ್ತು. ಗೊತ್ತಿಲ್ಲದ ನೂರಾರು ಜನರೊಂದಿಗೆ ಒಟ್ಟಿಗೆ ಹೊರಟ ಆ ‘ಅಯ್ಯೋ’ ಈಗ ಮನೆಯ ಟಿವಿ ಮುಂದೆ ಹುಟ್ಟುವುದಿಲ್ಲ. ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೊ ನಿಲ್ದಾಣವಿದೆ. ಗ್ಯಾಲಕ್ಸಿ ಇಲ್ಲ. ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು.

ಫ್ರಾಂಕ್ಲಿನ್ ವಿಷಯಕ್ಕೆ ಬಂದರೆ ಮಾವ ಮಾತು ನಿಲ್ಲಿಸಿಬಿಡುತ್ತಿದ್ದರು. ಕಾಲು ಕೊಳೆಯುತ್ತಿದೆ, ಅವನನ್ನು ಹೊತ್ತು ನಡೆದರೆ ಎಲ್ಲರಿಗೂ ಅಪಾಯ. ನಾಯಕ ಮ್ಯಾಲರಿ ಅವನ ಪಕ್ಕ ಕೂತು, ಯೋಜನೆ ಬದಲಾಗಿದೆ, ದಾಳಿ ಬೇರೆ ಕಡೆಯಿಂದ ಎಂದು ಸುಳ್ಳು ಹೇಳುತ್ತಾನೆ. ಆಮೇಲೆ ಅವನನ್ನು ಜರ್ಮನರ ಬಳಿಯೇ ಬಿಟ್ಟುಹೋಗುತ್ತಾರೆ. ಅವರು ಮದ್ದು ಚುಚ್ಚಿ ಬಾಯಿ ಬಿಡಿಸಿದಾಗ ಅವನ ಬಾಯಿಂದ ಬರುವುದು ಆ ಸುಳ್ಳೇ. ಸ್ನೇಹಿತನನ್ನು ಹೀಗೆ ಬಳಸಿಕೊಂಡದ್ದಕ್ಕೆ ಮಿಲ್ಲರ್ ಉರಿದುಬೀಳುತ್ತಾನೆ. ಸಾಹಸದ ಚಿತ್ರವೊಂದು ಇಂಥ ಪ್ರಶ್ನೆಯನ್ನು ಎತ್ತಿ, ಉತ್ತರ ಕೊಡದೆ ಮುಂದೆ ನಡೆಯುವುದು ಅಪರೂಪ. ಇಷ್ಟು ವರ್ಷ ಅದು ನನ್ನೊಳಗೆ ಉಳಿದಿರುವುದು ಫಿರಂಗಿಗಳಿಂದಲ್ಲ, ಈ ಜಗಳದಿಂದ.

ಮಾವ 1971ರ ಡಿಸೆಂಬರಿನಲ್ಲಿ ಶಕರ್‌ಗಢದ ಕಡೆ ಇದ್ದರು. ಬಸಂತರ್ ನದಿಯ ಹತ್ತಿರ ಹೂತಿದ್ದ ಮೈನುಗಳನ್ನು ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸಿದವರು ಸ್ಯಾಪರ್‌ಗಳು. ಅಲ್ಲಿ ಏನಾಯಿತು ಎಂದು ಮನೆಯಲ್ಲಿ ಯಾರು ಕೇಳಿದರೂ “ಚಳಿ ಇತ್ತು” ಎನ್ನುತ್ತಿದ್ದರು, ಅಷ್ಟೇ. ಯುದ್ಧದ ಬಗ್ಗೆ ಅವರು ಬಾಯಿಬಿಡುತ್ತಿದ್ದದ್ದು ಈ ಚಿತ್ರದ ನೆವದಲ್ಲಿ ಮಾತ್ರ. ಒಮ್ಮೆ ಥಿಯೇಟರಿನಿಂದ ಬಸ್ ಸ್ಟಾಪಿಗೆ ನಡೆಯುವಾಗ ನಾನು ಮಿಲ್ಲರನ ಪರ ವಹಿಸಿ ಕೂಗಾಡಿದೆ. ಮಾವ ಸುಮ್ಮನೆ ಕೇಳಿಸಿಕೊಂಡು, “ಲೀಡರ್ ಮಾಡಿದ್ದು ತಪ್ಪಲ್ಲ ಮರಿ. ಆದ್ರೆ ಅದನ್ನ ಹೊತ್ಕೊಂಡು ಮನೆಗೆ ಬರ್ಬೇಕಲ್ಲ, ಅದು ಕಷ್ಟ” ಎಂದರು. ಅವರು ತೀರಿಕೊಂಡ ಮೇಲೆ ಅತ್ತೆ ಹೇಳಿದರು: ಡಿಸೆಂಬರ್ ಬಂತೆಂದರೆ ಧರ್ಮಪುರಿ ಕಡೆಯ ಒಂದು ಹಳ್ಳಿಗೆ ಮನಿ ಆರ್ಡರ್ ಹೋಗುತ್ತಿತ್ತಂತೆ. ಯಾರಿಗೆ ಎಂದು ಅತ್ತೆ ಕೇಳಲಿಲ್ಲ, ಮಾವ ಹೇಳಲಿಲ್ಲ.

ನವರೋನ್ ಎಂಬ ದ್ವೀಪ ಭೂಪಟದಲ್ಲಿಲ್ಲ. ಮೆಕ್ಲೀನ್ ಕಥೆಯ ಹಿಂದಿರುವುದು 1943ರ ಲೆರೋಸ್ ಕದನ. ಇಟಲಿ ಶರಣಾದ ಮೇಲೆ ಬ್ರಿಟಿಷರು ಆ ದ್ವೀಪದಲ್ಲಿ ಇಳಿದರು. ತಲೆಯ ಮೇಲೆ ರಕ್ಷಣೆಗೆ ತಮ್ಮ ವಿಮಾನಗಳಿಲ್ಲದೆ ಬಾಂಬಿನ ಮಳೆ ತಿಂದರು. ನವೆಂಬರ್ 12ರಂದು ಜರ್ಮನರು ಬಂದರು, 16ಕ್ಕೆ ಎಲ್ಲ ಮುಗಿಯಿತು. ಬಂಡೆ ಹತ್ತಿ ಬಂದು ಕಾಪಾಡುವ ಪೆಕ್ ಅಲ್ಲಿರಲಿಲ್ಲ, ಸಾವಿರಾರು ಜನ ಸೆರೆಯಾದರು. ಇದನ್ನು ನಾನು ಓದಿದ್ದು ಮಾವ ಹೋದ ಮೇಲೆ. ಓದಿದಾಗ ಚಿತ್ರದ ಮೇಲೆ ಕೋಪ ಬರಲಿಲ್ಲ. ಸೋತು ಸೆರೆಯಾದವರಿಗಾಗಿ ಯಾರೋ ಹಡಗುಗಳನ್ನು ಕಥೆಯಲ್ಲಾದರೂ ದಡ ಮುಟ್ಟಿಸಿದ್ದಾರೆ ಎನ್ನಿಸಿ ಗಂಟಲು ಕಟ್ಟಿತು. ಚಿತ್ರ ತೆಗೆದ ರೋಡ್ಸ್ ದ್ವೀಪದಲ್ಲಿ ಒಂದು ಕೊಲ್ಲಿಗೆ ಇಂದಿಗೂ ಆಂಥನಿ ಕ್ವಿನ್ ಹೆಸರಿದೆ. ಲೆರೋಸಿನಲ್ಲಿ ಸತ್ತವರಿಗೆ ಆ ದ್ವೀಪದ ಯುದ್ಧಸ್ಮಶಾನವಿದೆ.

ಆ ತಂಡದಲ್ಲಿ ಕಿರಿಯನಾಗಿ ಕಾಣಿಸಿಕೊಂಡ ಜೇಮ್ಸ್ ಡ್ಯಾರೆನ್ 2024ರಲ್ಲಿ ತೀರಿಕೊಂಡರು. ಪೆಕ್, ಕ್ವಿನ್, ನಿವೆನ್, ಐರೀನ್ ಪಪಾಸ್ ಎಲ್ಲ ಅವರಿಗಿಂತ ಮೊದಲೇ ಹೋಗಿದ್ದರು. ಆ ವಾರ ಚಿತ್ರವನ್ನು ಮತ್ತೆ ಹಾಕಿಕೊಂಡೆ. ಕೊನೆಯ ಸ್ಫೋಟದ ಸದ್ದು ಆಸ್ಪತ್ರೆಯ ಹಾಸಿಗೆಯಲ್ಲಿರುವ ಫ್ರಾಂಕ್ಲಿನ್ ಕಿವಿಗೂ ಬೀಳುತ್ತದೆ. ತಾನು ಆಡಿದ್ದು ಸುಳ್ಳೆಂದು, ಆ ಸುಳ್ಳಿನಿಂದಲೇ ಗೆದ್ದದ್ದೆಂದು ಅವನಿಗೆ ಅರ್ಥವಾಗಿರಬಹುದು. ಅಷ್ಟಕ್ಕೆ ಅವನನ್ನು ಬಿಟ್ಟುಹೋದದ್ದು ಸರಿಯಾಗುತ್ತದೆಯೇ? ಮಾವನಾಗಿದ್ದರೆ ಆಗುತ್ತದೆ ಎನ್ನುತ್ತಿದ್ದರು. ನಾನು ಈಗಲೂ ಮಿಲ್ಲರನ ಕಡೆಯೇ, ವಾದಿಸುವುದಕ್ಕೆ ನನ್ನ ಹತ್ತಿರ ಹೊಸ ಕಾರಣಗಳೂ ಇವೆ.